ಧ್ವನಿಮುದ್ರಿಕೆಗಳ ಗುಣಪರೀಕ್ಷೆ

೧

ಕಾವ್ಯದ ಗುಣದೋಷಗಳನ್ನು ವಿವೇಚಿಸುವುದಕ್ಕೆ ನಮ್ಮ ಆಲಂಕಾರಿಕರು ಹಾಕಿಕೊಟ್ಟ ಮಾರ್ಗವೊಂದುಂಟು. ಓಲೆಯ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವುದಕ್ಕೆ ಗ್ರಂಥಸಂಪಾದಕರು ರೂಢಿಸಿಕೊಂಡ ಕ್ರಮವೊಂದುಂಟು. ಆದರೆ ನೂರಿಪ್ಪತ್ತು ವರ್ಷಗಳಿಗೂ ಹಿಂದಿನಿಂದ ಲೋಕದಲ್ಲಿ ಹರಡಿ, ಈಗ ಸಂಗೀತವನ್ನು ಕೇಳುವವರಲ್ಲಿ ಬಹುಮಂದಿಗೆ ಏಕಮಾತ್ರ ಸಾಧನವಾಗಿ ಪರಿಣಮಿಸಿರುವ ಧ್ವನಿಮುದ್ರಿಕೆಯನ್ನು ಪರೀಕ್ಷಿಸತಕ್ಕ ಕ್ರಮವು ಯಾವುದು ಎಂಬ ಪ್ರಶ್ನೆಗೆ ನಮ್ಮಲ್ಲಿ ನಿಯತವಾದ ಉತ್ತರವು ಇನ್ನೂ ದೊರೆತಂತೆ ಕಾಣುವುದಿಲ್ಲ. ಮುದ್ರಿಕೆಯನ್ನು ಕೇಳಿ 'ಬಹಳ ಚೆನ್ನಾಗಿದೆ' ಎನ್ನುವವರುಂಟು. ಚೆನ್ನಾಗಿರುವುದು ಯಾವುದು ಎಂದು ಕೇಳಿದರೆ ಅವರಲ್ಲಿ ಅನೇಕರು ಸುಮ್ಮನಾಗುತ್ತಾರೆ.

ಪಾಶ್ಚಾತ್ಯ ದೇಶಗಳ ಶಾಸ್ತ್ರೀಯ ಸಂಗೀತವನ್ನೂ ಅಲ್ಲಿಯ ಸಂಗೀತನಾಟಕವಾದ ಆಪೆರಾವನ್ನೂ ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶವು. ಆ ಸಂಗೀತವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಅಲ್ಲಿ ಕೃತಿಯು ಸ್ವರಲಿಪಿಯಲ್ಲಿ ಸಾಕಲ್ಯವಾಗಿ ಬರೆದಿರುವುದರಿಂದ, ಒಂದೇ ಕೃತಿಯನ್ನು ಬೇರೆಬೇರೆ ಕಲಾವಿದರು ಬೇರೆಬೇರೆ ಕಾಲಗಳಲ್ಲಿ ಮುದ್ರಿಸಿರುವ ನಿದರ್ಶನಗಳು ಹೇರಳವಾಗಿ ದೊರೆಯುತ್ತವೆ. ತೌಲನಿಕ ವಿಮರ್ಶೆಗೆ ಅದಕ್ಕಿಂತ ಅನುಕೂಲವಾದ ಕ್ಷೇತ್ರವು ಇನ್ನೊಂದಿಲ್ಲ. ಅಲ್ಲದೆ, ಆ ಮುದ್ರಿಕೆಗಳ ಚರಿತ್ರೆಯಲ್ಲಿ ಮೈಸೂರಿಗೂ ಒಂದು ಸ್ಥಾನವುಂಟೆಂಬುದನ್ನು ವಾಚಕರು ಮುಂದೆ ಕಾಣುವರು.

೨

ಮೊತ್ತಮೊದಲು ಒಂದು ವಿಭಾಗವನ್ನು ಮಾಡಿಕೊಳ್ಳಬೇಕಾಗಿದೆ. ಮುದ್ರಿಕೆಯಲ್ಲಿ ಮೂರು ಅಂಶಗಳು ಅಡಗಿರುತ್ತವೆ: ವಾಗ್ಗೇಯಕಾರನ ಕೃತಿ, ಕಲಾವಿದನ ಪ್ರಯೋಗ, ಯಂತ್ರದ ಮುದ್ರಣ. ಕೃತಿಯು ಉತ್ತಮವಾಗಿದ್ದು ಪ್ರಯೋಗವು ಅಧಮವಾಗಿರಬಹುದು. ಪ್ರಯೋಗವು ಉತ್ತಮವಾಗಿದ್ದು ಮುದ್ರಣವು ಮಬ್ಬಾಗಿರಬಹುದು. ಮುದ್ರಣವು ಸ್ಫಟಿಕದಂತೆ ನಿರ್ಮಲವಾಗಿದ್ದು ಅದರೊಳಗೆ ಕೇಳತಕ್ಕ ವಿಷಯವೇ ಇಲ್ಲದಿರಬಹುದು. ಈ ಮೂರರಲ್ಲಿ ಒಂದರ ಯಶಸ್ಸನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವುದೇ ವಿಮರ್ಶಕರು ಸಾಮಾನ್ಯವಾಗಿ ಮಾಡುವ ತಪ್ಪು. ಸಾಲಂಕಾರವಾದ ಮುದ್ರಣವನ್ನೂ ದಪ್ಪ ಕಾಗದವನ್ನೂ ನೋಡಿ ಕಾವ್ಯವನ್ನು ಹೊಗಳುವವನು ನಮ್ಮಲ್ಲಿ ನಗೆಗೀಡಾಗುವನು. ಸಂಗೀತದ ವಿಷಯದಲ್ಲಾದರೋ ಅಂತಹ ಹೊಗಳಿಕೆಯು ಎಗ್ಗಿಲ್ಲದೆ ನಡೆಯುತ್ತಲಿದೆ.

ಇದಕ್ಕೆ ಪ್ರತಿಯಾದ ಇನ್ನೊಂದು ತಪ್ಪೂ ಉಂಟು. ಹಳೆಯ ತಟ್ಟೆಯ ಕರಕರ ಶಬ್ದವನ್ನೇ ಪ್ರಾಮಾಣ್ಯದ ಗುರುತೆಂದು ಭಾವಿಸಿ, ಹಿಂದಿನವರು ಹಾಡಿದುದೆಲ್ಲವೂ ದಿವ್ಯವೆಂದೂ ಈಗಿನವರದೆಲ್ಲವೂ ನೀರಸವೆಂದೂ ಸಾಧಿಸುವವರು ಕೆಲವರಿದ್ದಾರೆ. ಹೊಸದರ ಮೋಹವೂ ಹಳೆಯದರ ಮೋಹವೂ ಸಮಾನವಾಗಿ ಕಿವಿಯನ್ನು ಮುಚ್ಚತಕ್ಕವು. ಮುದ್ರಿಕೆಯು ಯಾವ ಸ್ಥಿತಿಯಲ್ಲಿ ಹುಟ್ಟಿತೆಂಬುದನ್ನು ಮೊದಲು ತಿಳಿದು, ಆಮೇಲೆ ಅದರಲ್ಲಿ ಏನು ಉಳಿದಿದೆಯೆಂಬುದನ್ನು ಕೇಳುವವನೇ ನಿಜವಾದ ಪರೀಕ್ಷಕನು.

೩

ಆ ಸ್ಥಿತಿಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬಹುದು. ೧೯೨೫ಕ್ಕೆ ಮೊದಲು ಮೈಕ್ರೊಫೋನು ಬಳಕೆಯಲ್ಲಿರಲಿಲ್ಲ. ಗಾಯಕನು ದೊಡ್ಡ ಕೊಳವೆಯೊಂದರ ಬಾಯಿಗೆ ಹಾಡಬೇಕಾಗಿತ್ತು. ಅವನ ಧ್ವನಿಯ ಬಲವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆಯನ್ನು ಕೊರೆಯುತ್ತಿತ್ತು. ೧೯೦೨ರ ಏಪ್ರಿಲ್ ತಿಂಗಳಲ್ಲಿ ಮಿಲಾನ್ ನಗರದ ಹೋಟೆಲಿನ ಒಂದು ಕೊಠಡಿಯಲ್ಲಿ ಫ್ರೆಡ್ ಗೈಸ್‌ಬರ್ಗನು ತರುಣ ಗಾಯಕನಾದ ಎನ್ರಿಕೊ ಕರೂಸೊನಿಂದ ಹತ್ತು ಹಾಡುಗಳನ್ನು ನೂರು ಪೌಂಡು ಸಂಭಾವನೆಗೆ ಹಾಡಿಸಿ ಮುದ್ರಿಸಿಕೊಂಡುದು ಈ ವಿಧಾನದಿಂದಲೇ. ಅದೇ ಗೈಸ್‌ಬರ್ಗನು ಅದೇ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗೌಹರ್‌ಜಾನಳ ಗಾಯನವನ್ನು ಮುದ್ರಿಸಿದನು. ಆಕೆ ತನ್ನ ಕಡೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯವನ್ನು ಪಡೆದು ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಆಪೆರಾದ ಗಾಯಕನಿಗೂ ಖಯಾಲಿನ ಗಾಯಕಿಗೂ ತಟ್ಟೆಯು ವಿಧಿಸಿದ ನಿಯಮವು ಒಂದೇ ಆಗಿತ್ತು: ಹಾಡು ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯಬೇಕು. ಆದುದರಿಂದ ಆ ಕಾಲದ ತಟ್ಟೆಯಲ್ಲಿ ಗತಿಯು ಅವಸರವಾಗಿ ಕಂಡರೆ, ಅದು ಗಾಯಕನ ಅಭಿಪ್ರಾಯವೋ ತಟ್ಟೆಯ ಒತ್ತಾಯವೋ ಎಂದು ಯೋಚಿಸದೆ ತೀರ್ಪನ್ನು ಕೊಡತಕ್ಕದ್ದಲ್ಲ.

ವೇಗದ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ನಿಮಿಷಕ್ಕೆ ೭೮ ಸುತ್ತು ಎಂಬುದು ಮೊದಲಿನ ದಿನಗಳಲ್ಲಿ ಹೆಸರಿಗೆ ಮಾತ್ರ ಇದ್ದ ನಿಯಮವು. ೭೪ ಸುತ್ತಿನ ವೇಗದಲ್ಲಿ ಕೊರೆದ ತಟ್ಟೆಯನ್ನು ೭೮ ಸುತ್ತಿನ ವೇಗದಲ್ಲಿ ತಿರುಗಿಸಿದರೆ ಶ್ರುತಿಯು ಹೆಚ್ಚುಕಡಮೆ ಅರ್ಧಸ್ವರದಷ್ಟು ಏರಿಬಿಡುತ್ತದೆ. ಶ್ರುತಿಯೊಂದೇ ಅಲ್ಲ, ಕಂಠದ ಘನತೆಯು ಕರಗಿ ಧ್ವನಿಯು ತೆಳ್ಳಗಾಗುತ್ತದೆ, ಸಹಜವಾದ ಕಂಪವು ನಡುಕದಂತೆ ಕೇಳಿಸುತ್ತದೆ. ಈ ಲೇಖಕನು ಒಮ್ಮೆ ಇಂತಹ ಪ್ರತಿಯೊಂದನ್ನು ಕೇಳಿ, ಹಳೆಯ ಗಾಯಕನೊಬ್ಬನ ಕಂಠದಲ್ಲಿ ಸ್ಥೈರ್ಯವಿಲ್ಲವೆಂದು ವಿದ್ಯಾರ್ಥಿಗಳ ಮುಂದೆ ಧೈರ್ಯವಾಗಿ ಹೇಳಿದ್ದುಂಟು. ಕೆಲವು ವರ್ಷಗಳ ಮೇಲೆ ಅದೇ ಹಾಡಿನ ವೇಗವನ್ನು ಸರಿಪಡಿಸಿದ ಪ್ರತಿಯು ಕಿವಿಗೆ ಬಿದ್ದಾಗ, ಸ್ಥೈರ್ಯವಿಲ್ಲದಿದ್ದುದು ಗಾಯಕನ ಕಂಠದಲ್ಲಲ್ಲ, ತನ್ನ ವಿಮರ್ಶೆಯಲ್ಲಿ ಎಂಬುದು ಗೊತ್ತಾಯಿತು. ತಟ್ಟೆಯ ಶಬ್ದವನ್ನು ಅಡಗಿಸಬೇಕೆಂದು ಅತಿಯಾಗಿ ಶೋಧಿಸಿದ ಪ್ರತಿಗಳಲ್ಲಿಯೂ ಇಂತಹ ಅನ್ಯಾಯವು ನಡೆಯುತ್ತದೆ. ಕರಕರ ಶಬ್ದದೊಡನೆ ಸ್ವರದ ಮೇಲಣ ಕಾಂತಿಯೂ ಒರಸಿಹೋಗುತ್ತದೆ. ಕಲೆಯನ್ನು ತೆಗೆಯಲು ಹೋಗಿ ಬಟ್ಟೆಯ ಬಣ್ಣವನ್ನೇ ತೆಗೆದಂತಾಗುತ್ತದೆ.

ಈ ಕಾಲದ ತಟ್ಟೆಗಳಿಗೆ ಸಾಕ್ಷ್ಯಮೂಲ್ಯವೊಂದು ಬೇರೆಯಾಗಿಯೇ ಉಂಟು. ೧೮೪೩ರಲ್ಲಿ ಹುಟ್ಟಿದ ಅಡಲೀನಾ ಪಾಟ್ಟಿಯು ತನ್ನ ಅರುವತ್ತೆರಡನೆಯ ವಯಸ್ಸಿನಲ್ಲಿ, ೧೯೦೫–೦೬ರಲ್ಲಿ, ಕೊಳವೆಗೆ ಹಾಡಿದಳು. ಉಸಿರು ಮೊಟಕಾಗಿದೆ, ಮೇಲಿನ ಸ್ವರಗಳು ಸವೆದಿವೆ. ಆದರೂ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಶಿಕ್ಷಣವನ್ನು ಪಡೆದವರು ಸ್ವರದಿಂದ ಸ್ವರಕ್ಕೆ ಹೇಗೆ ಜಾರುತ್ತಿದ್ದರು, ಅಲಂಕಾರಗಳನ್ನು ಎಲ್ಲಿ ಸೇರಿಸುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯವು ವಿರಳ. ಶಾಸನದಲ್ಲಿ ಅಕ್ಷರವು ಸವೆದಿದೆಯೆಂದು ಶಾಸನಜ್ಞನು ಅದನ್ನು ಬಿಸುಡುವುದಿಲ್ಲ. ಹಾಗೆಯೇ ಶಾಸನವು ಪ್ರಾಚೀನವೆಂಬ ಕಾರಣದಿಂದಲೇ ಅದನ್ನು ಮಹಾಕಾವ್ಯವೆಂದು ಹೊಗಳುವುದೂ ಇಲ್ಲ.

೪

ಪ್ರಯೋಗಕ್ಕೂ ಮುದ್ರಣಕ್ಕೂ ಇರುವ ಭೇದವನ್ನು ಸ್ಪಷ್ಟಪಡಿಸುವ ನಿದರ್ಶನವೊಂದನ್ನು ಈಗ ತೆಗೆದುಕೊಳ್ಳೋಣ. ಪುಚ್ಚೀನಿಯ 'ತೋಸ್ಕ' ಎಂಬ ಆಪೆರಾವು ೧೯೦೦ರಲ್ಲಿ ರೋಮಿನಲ್ಲಿ ಮೊದಲು ಪ್ರಯೋಗವಾಯಿತು. ಗಾಯಕಿ ತೋಸ್ಕ, ಆಕೆಯ ಪ್ರಿಯನಾದ ಚಿತ್ರಕಾರ ಕವರದೋಸ್ಸಿ, ಇವರಿಬ್ಬರನ್ನೂ ಬಲೆಗೆ ಕೆಡಹುವ ಪೋಲೀಸು ಅಧಿಕಾರಿ ಸ್ಕಾರ್ಪಿಯ, ಇವರೇ ಮುಖ್ಯ ಪಾತ್ರಗಳು. ಮರಿಯಾ ಕಾಲಸಳು ಈ ಕೃತಿಯನ್ನು ಎರಡು ಸಲ ಮುದ್ರಣಶಾಲೆಯ ಕ್ರಮದಲ್ಲಿ ಪೂರ್ಣವಾಗಿ ಮುದ್ರಿಸಿದಳು. ಮೊದಲನೆಯದು ೧೯೫೩ರ ಆಗಸ್ಟಿನಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ, ವಿಕ್ಟರ್ ದೆ ಸಬಾಟನ ನೇತೃತ್ವದಲ್ಲಿ, ಏಕಮುಖವಾದ ಮಾನೋ ಕ್ರಮದಿಂದ ಆದುದು. ಎರಡನೆಯದು ೧೯೬೪–೬೫ರಲ್ಲಿ ಪ್ಯಾರಿಸಿನಲ್ಲಿ, ಜಾರ್ಜ್ ಪ್ರೆತ್ರನ ನೇತೃತ್ವದಲ್ಲಿ, ಸ್ಟೀರಿಯೋ ಕ್ರಮದಿಂದ ಆದುದು. ಸ್ಕಾರ್ಪಿಯನ ಪಾತ್ರವನ್ನು ಎರಡರಲ್ಲಿಯೂ ಟಿಟೊ ಗೊಬ್ಬಿಯೇ ವಹಿಸಿದನು. ಪರೀಕ್ಷಕನಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಕ್ಕುವುದು ಕಷ್ಟ.

ಯಂತ್ರದ ದೃಷ್ಟಿಯಿಂದ ಎರಡನೆಯದೇ ಮೇಲೆಂಬುದು ನಿರ್ವಿವಾದವು. ವಾದ್ಯಗಳು ಎಡಬಲಗಳಿಗೆ ಹರಡಿ ನಿಲ್ಲುತ್ತವೆ; ರಂಗವು ಕಣ್ಣಿಗೆ ಕಟ್ಟುತ್ತದೆ. ೧೯೫೩ರ ಮುದ್ರಿಕೆಯಲ್ಲಿ ಮೊದಲ ಅಂಕದ ಕೊನೆಯಲ್ಲಿ ಗಂಟೆ, ಆರ್ಗನ್, ಗಾಯಕವೃಂದ, ವಾದ್ಯವೃಂದ ಎಲ್ಲವೂ ಕೂಡಿದಾಗ ಶಬ್ದವು ಇಕ್ಕಟ್ಟಾಗಿ ಮಬ್ಬಾಗುವುದೆಂಬುದನ್ನು ಅದರ ಅಭಿಮಾನಿಗಳೂ ಒಪ್ಪಬೇಕು. ಆದರೆ ಆ ಸಂದರ್ಭದಲ್ಲಿ ದೆ ಸಬಾಟನು ಮಾಡುವ ಕೆಲಸವನ್ನು ಗಮನಿಸಿರಿ. ಎರಡೇ ಸ್ವರಗಳಲ್ಲಿ ಗಂಟೆಯು ಬಿಡದೆ ಬಾರಿಸುತ್ತಿರುತ್ತದೆ. ಒಂದು ಕಡೆ ದೇವಾಲಯದ ಸ್ತುತಿ, ಇನ್ನೊಂದು ಕಡೆ ಸ್ಕಾರ್ಪಿಯನ ಮನಸ್ಸಿನ ದುಷ್ಟ ಸಂಕಲ್ಪ. ಆವೇಶವನ್ನು ತೋರಿಸಬೇಕೆಂದು ಗತಿಯನ್ನು ಮುಂದಕ್ಕೆ ತಳ್ಳುವ ಚಪಲವು ಅನೇಕ ವೃಂದನಾಯಕರಿಗೆ ಬರುತ್ತದೆ. ದೆ ಸಬಾಟನು ತಳ್ಳುವುದಿಲ್ಲ. ನಡಿಗೆಯನ್ನು ಸ್ಥಿರವಾಗಿ ಹಿಡಿದು ಭಾರವನ್ನು ಮಾತ್ರ ಏರಿಸುತ್ತ ಹೋಗುತ್ತಾನೆ. ಆದುದರಿಂದ ಕೇಳುವವನಿಗೆ ಭಯವು ಹೊರಗಿನಿಂದ ಬರುವುದಿಲ್ಲ, ಒಳಗಿನಿಂದ ತುಂಬಿಕೊಳ್ಳುತ್ತದೆ. ಮಬ್ಬಾದ ಮುದ್ರಣವು ಈ ಗುಣವನ್ನು ಮುಚ್ಚಲಾರದು. ನಿರ್ಮಲವಾದ ಮುದ್ರಣವು ಇಲ್ಲದ ಕಡೆ ಅದನ್ನು ಹುಟ್ಟಿಸಲಾರದು.

ಕಾಲಸಳ ವಿಷಯವೂ ಹಾಗೆಯೇ. ೧೯೫೩ರಲ್ಲಿ ಆಕೆಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ತಾರಸ್ಥಾಯಿಯ ಸ್ವರಗಳು ಚೂಪಾಗಿಯೂ ಸ್ಥಿರವಾಗಿಯೂ ಇವೆ. ಎರಡನೆಯ ಮುದ್ರಿಕೆಯ ಕಾಲಕ್ಕೆ ಆ ಸ್ವರಗಳಲ್ಲಿ ಅಲುಗಾಟವು ತೋರುತ್ತದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳಬೇಕಾದುದು ಇನ್ನೂ ಒಂದುಂಟು. ಸ್ಕಾರ್ಪಿಯನನ್ನು ಕೊಂದ ಬಳಿಕ ತೋಸ್ಕಳು ತಗ್ಗಿದ ದನಿಯಲ್ಲಿ ಹಾಡಿನಂತಲ್ಲದೆ ಮಾತಿನಂತೆ ಒಂದು ವಾಕ್ಯವನ್ನು ಆಡುತ್ತಾಳೆ. ಮೊದಲನೆಯದರಲ್ಲಿ ಆ ಮಾತಿನಲ್ಲಿ ತಿರಸ್ಕಾರವೂ ಬೆರಗೂ ಒಟ್ಟಾಗಿವೆ. ಎರಡನೆಯದರಲ್ಲಿಯಾದರೂ ಮಂದ್ರ ಮಧ್ಯಸ್ಥಾಯಿಗಳಲ್ಲಿ ಮಾತಿಗೆ ಬಣ್ಣವನ್ನು ಕೊಡುವ ಶಕ್ತಿಯು ಕುಂದಿಲ್ಲ. ಕಂಠವು ಕೈಬಿಟ್ಟ ಕಡೆ ಬುದ್ಧಿಯು ಹೇಗೆ ದಾರಿಯನ್ನು ಹುಡುಕಿಕೊಳ್ಳುತ್ತದೆಂಬುದನ್ನು ಅಭ್ಯಾಸಮಾಡುವವನಿಗೆ ಅದೂ ಉಪೇಕ್ಷಣೀಯವಲ್ಲ. ಆದರೆ ಒಬ್ಬ ಅಧ್ಯಾಪಕನು ಒಂದನ್ನು ಮಾತ್ರ ಕೊಳ್ಳಬಲ್ಲನಾದರೆ ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ, ೧೯೫೩ರದನ್ನು ಎಂದು ಸಂಶಯವಿಲ್ಲದೆ ಹೇಳಬಹುದು.

೫

ಇನ್ನು ಪಾಠಶುದ್ಧಿಯ ವಿಚಾರ. ಟೇಪಿನ ಬಳಕೆಯು ಬಂದಮೇಲೆ ಮುದ್ರಿಕೆಯು ಒಂದು ದಿನದ ಒಂದು ಪ್ರಯೋಗದ ಪ್ರತಿಯಾಗಿ ಉಳಿಯಲಿಲ್ಲ. ಹಲವು ಸಲ ಹಾಡಿಸಿ, ಉತ್ತಮವಾದ ಭಾಗಗಳನ್ನು ಕತ್ತರಿಸಿ ಜೋಡಿಸಿದ ಸಂಪಾದಿತ ಗ್ರಂಥವಾಯಿತು. ಅದರ ಸಂಪಾದಕನೇ ನಿರ್ಮಾಪಕನು. ೧೯೫೮ರಿಂದ ೧೯೬೫ರ ವರೆಗೆ ವಿಯೆನ್ನಾದಲ್ಲಿ ಗೆಯೋರ್ಗ್ ಶೋಲ್ಟಿಯ ನೇತೃತ್ವದಲ್ಲಿ ವಾಗ್ನರನ 'ರಿಂಗ್' ನಾಟಕಚತುಷ್ಟಯವು ಮುದ್ರಿತವಾದಾಗ, ಜಾನ್ ಕಲ್ಷಾ ಎಂಬ ನಿರ್ಮಾಪಕನು ಕಿವಿಗೇ ಮೀಸಲಾದ ರಂಗಭೂಮಿಯೊಂದನ್ನು ಕಲ್ಪಿಸಿ, ರಂಗಮಂದಿರದಲ್ಲಿ ಎಂದೂ ಕೇಳಿಸದಂತಹ ಸ್ಪಷ್ಟತೆಯನ್ನು ತಂದನು. ಅದನ್ನು ಕೃತಕವೆಂದು ನಿಂದಿಸುವುದು ಸುಲಭ. ಆದರೆ ಸಂಪಾದನೆಯೆಂಬುದೇ ದೋಷವಲ್ಲ; ಸಂಪಾದನೆಯನ್ನು ಮರೆಮಾಚುವುದು ದೋಷವು.

೧೯೫೨ರಲ್ಲಿ ಲಂಡನ್ನಿನಲ್ಲಿ ಫುರ್ಟ್‌ವೆಂಗ್ಲರನ ನೇತೃತ್ವದಲ್ಲಿ ಮುದ್ರಿತವಾದ 'ಟ್ರಿಸ್ಟಾನ್ ಮತ್ತು ಇಸೋಲ್ಡ'ವನ್ನು ನೋಡಿರಿ. ಇಸೋಲ್ಡಳಾಗಿ ಹಾಡಿದ ಕಿರ್ಸ್ಟನ್ ಫ್ಲಾಗ್‌ಸ್ಟಾಡಳಿಗೆ ಆಗ ಐವತ್ತಾರು ವಯಸ್ಸು. ಎರಡನೆಯ ಅಂಕದ ಎರಡು ಅತ್ಯುಚ್ಚ ಸ್ವರಗಳನ್ನು ಆಕೆಗಾಗಿ ಎಲಿಜಬೆತ್ ಷ್ವಾರ್ಟ್ಸ್‌ಕಾಫ್‌ಳು ಹಾಡಿ ಸೇರಿಸಿದಳು. ಗ್ರಂಥಸಂಪಾದನೆಯ ಭಾಷೆಯಲ್ಲಿ ಇದು ಪ್ರಕ್ಷಿಪ್ತವು. ಎರಡು ಅಕ್ಷರಗಳ ಪ್ರಕ್ಷೇಪದಿಂದ ಮಹಾಕಾವ್ಯವು ಕೆಡುವುದಿಲ್ಲ. ಆ ಮುದ್ರಿಕೆಯ ದೀರ್ಘವಾದ ಉಸಿರೂ ಗಾಂಭೀರ್ಯವೂ ಹಾಗೆಯೇ ನಿಂತಿವೆ. ಆದರೆ ಪ್ರಾಮಾಣಿಕನಾದ ಸಂಪಾದಕನು ತಾನು ತುಂಬಿದ ಅಕ್ಷರವನ್ನು ಕಂಸದಲ್ಲಿಟ್ಟು ತೋರಿಸುತ್ತಾನೆ. ಇಲ್ಲಿ ಆ ಕಂಸವನ್ನು ಹಾಕಲಿಲ್ಲ. ಫ್ಲಾಗ್‌ಸ್ಟಾಡಳ ಆ ಸ್ವರಗಳನ್ನು ಹೊಗಳಿದ ವಿಮರ್ಶಕನೊಬ್ಬನಿದ್ದರೆ ಅವನನ್ನು ದೂರಿ ಫಲವೇನು?

ಅದೇ ಫುರ್ಟ್‌ವೆಂಗ್ಲರನು ೧೯೫೧ರ ಜುಲೈ ೨೯ರಂದು, ಯುದ್ಧಾನಂತರ ಬೈರಾಯ್ಟಿನ ಉತ್ಸವವು ಪುನಃ ಆರಂಭವಾದಾಗ, ಬೀಥೋವನನ ಒಂಬತ್ತನೆಯ ಸಿಂಫನಿಯನ್ನು ನಡೆಸಿದನು. ಅವನು ೧೯೫೪ರಲ್ಲಿ ಗತಿಸಿದ ಮೇಲೆ ಅದರ ಮುದ್ರಿಕೆಯು ಹೊರಬಂದು, ಆ ಮಹಾರಾತ್ರಿಯ ಯಥಾರ್ಥ ಪ್ರತಿಯೆಂದು ಲೋಕವಿಖ್ಯಾತವಾಯಿತು. ಅರ್ಧ ಶತಮಾನಕ್ಕೂ ಮೀರಿದ ಬಳಿಕ ಬವೇರಿಯಾದ ರೇಡಿಯೋ ಸಂಸ್ಥೆಯ ಟೇಪಿನಿಂದ ಇನ್ನೊಂದು ಮುದ್ರಿಕೆಯು ಪ್ರಕಟವಾಯಿತು. ಎರಡನ್ನೂ ಹೋಲಿಸಿದವರಿಗೆ ಅವು ಅನೇಕ ಕಡೆಗಳಲ್ಲಿ ಬೇರೆಬೇರೆ ಪ್ರಯೋಗಗಳೆಂಬುದು ತಿಳಿದುಬಂದಿತು. ಯಾವುದರಲ್ಲಿ ಅಭ್ಯಾಸಕಾಲದ ಭಾಗಗಳು ಸೇರಿವೆ ಎಂಬ ವಾದವು ಹುಟ್ಟಿತು. ಪಾಠಾಂತರಗಳ ಅನುಭವವುಳ್ಳ ನಮ್ಮ ವಿದ್ವಾಂಸರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಇದರಿಂದ ನಾವು ಕಲಿಯತಕ್ಕ ನೀತಿಯು ಇಷ್ಟೆ: 'ಆ ದಿನ ಅಲ್ಲಿ ಹೀಗೆ ನಡೆಯಿತು' ಎಂಬ ಚಾರಿತ್ರಿಕ ವಾಕ್ಯವನ್ನೂ 'ಇದು ಮನಸ್ಸನ್ನು ಸೆರೆಹಿಡಿಯುತ್ತದೆ' ಎಂಬ ರಸವಾಕ್ಯವನ್ನೂ ಒಂದೇ ಉಸಿರಿನಲ್ಲಿ ಹೇಳಬಾರದು. ಮೊದಲನೆಯದು ಸುಳ್ಳಾದರೂ ಎರಡನೆಯದು ನಿಜವಾಗಿ ಉಳಿಯಬಹುದು.

೬

ಕಿವಿಗಿಂತ ಮೊದಲು ಹೆಸರು ತೀರ್ಪನ್ನು ಕೊಡುವ ಪ್ರಮಾದವನ್ನೂ ಇಲ್ಲಿ ಹೇಳಬೇಕು. ಜಾಯ್ಸ್ ಹ್ಯಾಟೊ ಎಂಬ ಇಂಗ್ಲಿಷ್ ಪಿಯಾನೋವಾದಕಿಯ ಹೆಸರಿನಲ್ಲಿ ನೂರಕ್ಕೂ ಮಿಕ್ಕ ಮುದ್ರಿಕೆಗಳು ಪ್ರಕಟವಾಗಿ, ರೋಗಗ್ರಸ್ತಳಾದ ವೃದ್ಧೆಯೊಬ್ಬಳ ಅದ್ಭುತ ಸಾಧನೆಯೆಂದು ಹಲವು ವಿಮರ್ಶಕರಿಂದ ಕೊಂಡಾಡಿಸಿಕೊಂಡವು. ೨೦೦೭ರಲ್ಲಿ, ಆಕೆ ತೀರಿಕೊಂಡ ಮರುವರ್ಷ, ಆ ಮುದ್ರಿಕೆಗಳು ಬೇರೆ ವಾದಕರವೆಂಬುದು ಬಯಲಾಯಿತು. ಲಿಸ್ಟ್‌ನ ಕೃತಿಗಳ ಒಂದು ತಟ್ಟೆಯನ್ನು ಗಣಕಯಂತ್ರಕ್ಕೆ ಕೊಟ್ಟಾಗ, ಅದರ ಕಾಲಾವಧಿಗಳನ್ನು ನೋಡಿ ಯಂತ್ರವು ಲಾಸ್ಲೊ ಸೈಮನ್ ಎಂಬ ವಾದಕನ ಹೆಸರನ್ನು ಹೇಳಿತು. ಪ್ರಕಾಶಕನಾಗಿದ್ದ ಆಕೆಯ ಪತಿಯೇ ಕೊನೆಗೆ ತಪ್ಪನ್ನು ಒಪ್ಪಿಕೊಂಡನು.

ವಿಮರ್ಶಕರು ಇದನ್ನು ಕಂಡು ನಾಚಿದರೆಂಬುದು ಸಹಜ. ಆದರೆ ನಾಚಿಕೆಯ ಕಾರಣವನ್ನು ಸರಿಯಾಗಿ ತಿಳಿಯಬೇಕು. ಒಳ್ಳೆಯ ವಾದನವನ್ನು ಒಳ್ಳೆಯದೆಂದು ಹೊಗಳಿದುದು ತಪ್ಪಲ್ಲ. ಅದೇ ವಾದನವು ತನ್ನ ನಿಜವಾದ ಕರ್ತೃವಿನ ಹೆಸರಿನಲ್ಲಿ ಮುಂದೆ ಇದ್ದಾಗ ಅದರತ್ತ ಕಿವಿಗೊಡದೆ ಹೋದುದು ತಪ್ಪು. ಕರುಣಾಜನಕವಾದ ಕಥೆಯೊಂದು ಸೇರಿದ ಕೂಡಲೆ ಸ್ವರವೇ ಬದಲಾದಂತೆ ತೋರಿತು. ಆದುದರಿಂದ ಮುದ್ರಿಕೆಗಳನ್ನು ಹೋಲಿಸುವಾಗ ಒಮ್ಮೆಯಾದರೂ ಹೆಸರನ್ನು ಮುಚ್ಚಿ ಕೇಳುವುದು ಉತ್ತಮ. ತರಗತಿಯಲ್ಲಿ ಕಾವ್ಯಭಾಗವನ್ನು ಕವಿಯ ಹೆಸರಿಲ್ಲದೆ ಓದಿಸಿ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಕೇಳಿರುವ ಅಧ್ಯಾಪಕರಿಗೆ ಇದರ ಪ್ರಯೋಜನವನ್ನು ವಿವರಿಸಬೇಕಾದುದಿಲ್ಲ.

೭

ಇಲ್ಲಿಯವರೆಗೆ ಹೇಳಿದ ತತ್ತ್ವಗಳನ್ನು ಒಂದೇ ಮುದ್ರಿಕೆಯ ಮೇಲೆ ಪ್ರಯೋಗಿಸಿ ನೋಡೋಣ. ಮೈಸೂರಿನ ಸಂಬಂಧವಿರುವುದು ಇಲ್ಲಿಯೇ.

ಶ್ರೀ ಜಯಚಾಮರಾಜ ಒಡೆಯರವರು (೧೯೧೯–೧೯೭೪) ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿದ್ದುದನ್ನು ಎಲ್ಲರೂ ಬಲ್ಲರು. ಪಾಶ್ಚಾತ್ಯ ಸಂಗೀತಕ್ಕೆ ಅವರಿಂದಾದ ಉಪಕಾರವು ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಲಂಡನ್ನಿನಲ್ಲಿ ನೆಲಸಿದ್ದ ರಷ್ಯನ್ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನು ವೃದ್ಧಾಪ್ಯದಲ್ಲಿ ಅನಾದೃತನಾಗಿದ್ದಾಗ, ಅವನ ಕೃತಿಗಳನ್ನು ಅವನಿಂದಲೇ ನುಡಿಸಿ ಮುದ್ರಿಸುವ ಸಂಘಕ್ಕೆ ಧನಸಹಾಯವನ್ನು ಕೊಟ್ಟವರು ಅವರು. ಮೆಟ್ನರನು ತನ್ನ ಮೂರನೆಯ ಪಿಯಾನೋ ಕಂಚರ್ಟೊವನ್ನು ಅವರಿಗೇ ಅರ್ಪಿಸಿದನು. ೧೯೫೧ರಲ್ಲಿ ಅವನು ತೀರಿಕೊಂಡನು. ಆ ತಟ್ಟೆಗಳು ಇಲ್ಲದಿದ್ದರೆ ಅವನ ಕೃತಿಗಳ ಬಗ್ಗೆ ಅವನದೇ ಸಾಕ್ಷ್ಯವು ಬಹುಮಟ್ಟಿಗೆ ನಷ್ಟವಾಗುತ್ತಿತ್ತು. ಕರ್ತೃವಿನ ಪ್ರಯೋಗವೇ ಕೊನೆಯ ತೀರ್ಪೆಂದು ಇದರಿಂದ ಭಾವಿಸಬಾರದು. ಕವಿಯು ತನ್ನ ಪದ್ಯವನ್ನು ಓದುವ ರೀತಿಯೊಂದೇ ಅದನ್ನು ಓದುವ ರೀತಿಯಲ್ಲ. ಆದರೆ ಅದನ್ನು ಕೇಳದೆ ಬೇರೆ ರೀತಿಯನ್ನು ಸಾಧಿಸಹೊರಡುವುದು ಅವಿವೇಕವು.

ರಿಕಾರ್ಡ್ ಸ್ಟ್ರಾಸನು ೧೯೪೮ರಲ್ಲಿ ರಚಿಸಿ, ೧೯೪೯ರಲ್ಲಿ ತಾನು ಗತಿಸಿದುದರಿಂದ ಕೇಳದೆ ಹೋದ ವೃಂದಗೀತಗಳು ನಾಲ್ಕು. 'ನಾಲ್ಕು ಕಡೆಯ ಗೀತಗಳು' ಎಂದು ಅವು ಪ್ರಸಿದ್ಧವಾಗಿವೆ. ಫ್ಲಾಗ್‌ಸ್ಟಾಡಳು ಅವನ್ನು ಮೊದಲು ಹಾಡಬೇಕೆಂಬುದು ಅವನ ಇಷ್ಟವಾಗಿತ್ತು. ೧೯೫೦ರ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ, ಫುರ್ಟ್‌ವೆಂಗ್ಲರನ ನೇತೃತ್ವದಲ್ಲಿ, ಆಕೆ ಅವನ್ನು ಹಾಡಿದಳು. ಆ ಕಚೇರಿಗೆ ೪,೮೦೦ ಡಾಲರುಗಳ ಹೊಣೆಯನ್ನು ಹೊತ್ತವರು ಮೈಸೂರಿನ ಮಹಾರಾಜರವರು. ಅವರಿಗೆ ಅಲ್ಲಿರಲಾಗಲಿಲ್ಲ, ಸುಮಾರು ಇಪ್ಪತ್ತು ಸಾವಿರ ತಟ್ಟೆಗಳಿದ್ದುವೆಂದು ಅಂದಾಜುಮಾಡಲಾದ ತಮ್ಮ ಸಂಗ್ರಹಕ್ಕಾಗಿ ಆ ಗಾಯನದ ಮುದ್ರಿಕೆಯನ್ನು ಮೈಸೂರಿಗೆ ತರಿಸಿಕೊಳ್ಳುವ ಏರ್ಪಾಡಾಗಿತ್ತು. ಆ ಸಂದರ್ಭದ ಮುದ್ರಿಕೆಯೊಂದು ಈಗಲೂ ಉಳಿದಿದೆ.

ಅದನ್ನು ಯಂತ್ರದೃಷ್ಟಿಯಿಂದ ಪರೀಕ್ಷಿಸಿದರೆ ಅದಕ್ಕಿಂತ ಕೆಳಗಣ ಮುದ್ರಿಕೆಯನ್ನು ಹೆಸರಿಸುವುದೇ ಕಷ್ಟ. ಮೇಲ್ಮೈ ಗೀರುಗೀರಾಗಿದೆ, ವಾದ್ಯವೃಂದವು ದೂರದಲ್ಲಿ ತೇಲುತ್ತದೆ. ಕೊನೆಯ ಗೀತದಲ್ಲಿ ಬಾನಾಡಿಗಳನ್ನು ಸೂಚಿಸುವ ಕೊಳಲುಗಳು, ನಿದ್ರೆಯ ಗೀತದಲ್ಲಿ ಒಂಟಿ ಪಿಟೀಲು ಏರುವ ಸೊಗಸು ಮೊದಲಾದ ನಯಗಳು ಅರೆಬರೆಯಾಗಿ ಮಾತ್ರ ಕೇಳಿಬರುತ್ತವೆ. ಗೀತಗಳ ಅನುಕ್ರಮವೂ ಈಗ ರೂಢಿಯಲ್ಲಿರುವುದಲ್ಲ: ನಿದ್ರೆಯ ಗೀತವು ಮೊದಲು, ವಸಂತದ ಗೀತವು ಮೂರನೆಯದು. ೧೯೬೫ರಲ್ಲಿ ಬರ್ಲಿನ್ನಿನಲ್ಲಿ ಷ್ವಾರ್ಟ್ಸ್‌ಕಾಫ್‌ಳು ಜಾರ್ಜ್ ಸೆಲ್‌ನ ನೇತೃತ್ವದಲ್ಲಿ ಹಾಡಿದ ಮುದ್ರಿಕೆಯಲ್ಲಿ ಪ್ರತಿಯೊಂದು ತಂತುವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಪ್ರತಿಯೊಂದು ಮಾತಿಗೂ ಅರ್ಥಾನುಸಾರವಾದ ಛಾಯೆಯಿದೆ. ಕೃತಿಯನ್ನು ಮೊದಲ ಸಲ ಕಲಿಯುವವನಿಗೆ ಇದನ್ನೇ ಕೊಡಬೇಕು.

ಹಾಗಾದರೆ ೧೯೫೦ರದು ಸಾಕ್ಷ್ಯಕ್ಕೆ ಮಾತ್ರ ಯೋಗ್ಯವೋ? ಹಾಗೆ ಹೇಳಲಾಗದು. ಗೀರುಗಳ ನಡುವೆ ಕಿವಿಯು ನೆಲೆನಿಂತಮೇಲೆ, ಅಗಲವಾದ, ತುಂಬಿದ ಕಂಠವೊಂದು ಅವಸರವಿಲ್ಲದೆ ಹರಿಯುತ್ತಿರುವುದು ತಿಳಿಯುತ್ತದೆ. ಷ್ವಾರ್ಟ್ಸ್‌ಕಾಫ್‌ಳು ಮರಣವನ್ನು ಕುರಿತು ಯೋಚಿಸುತ್ತಾಳೆ. ಫ್ಲಾಗ್‌ಸ್ಟಾಡಳು ಅದರ ಎದುರಿಗೆ ಸುಮ್ಮನೆ ನಿಲ್ಲುತ್ತಾಳೆ. ಒಂದರಲ್ಲಿ ಭಾವದ ಸೂಕ್ಷ್ಮತೆಯು ಹೆಚ್ಚು. ಇನ್ನೊಂದರಲ್ಲಿ ಶಾಂತರಸವು ಅಖಂಡವಾಗಿದೆ. ಈ ಭೇದವನ್ನು ಕಾಣುವುದಕ್ಕೆ ಯಂತ್ರದ ಗುಣವು ಅಡ್ಡಿಯಾಗುತ್ತದೆ, ನಿಜ, ಆದರೆ ತಡೆದುಬಿಡುವುದಿಲ್ಲ. ಹೆಸರುಗಳ ಮಹಿಮೆಯನ್ನೂ ನಮ್ಮೂರಿನ ಅಭಿಮಾನವನ್ನೂ ಕಳೆದಮೇಲೆ ಉಳಿಯುವ ಗುಣವು ಇದು. ಉಳಿಯುವುದೆಂದೇ ಅದನ್ನು ಹೇಳಲು ಧೈರ್ಯವಾಗುತ್ತದೆ.

೮

ಒಟ್ಟಿನಲ್ಲಿ, ಮುದ್ರಿಕೆಯ ಪರೀಕ್ಷಕನು ಈ ಕ್ರಮವನ್ನು ಅನುಸರಿಸುವುದು ಉಚಿತವೆಂದು ತೋರುತ್ತದೆ. ಮುದ್ರಿಕೆಯು ಯಾವಾಗ, ಎಲ್ಲಿ, ಯಾವ ಸಾಧನದಿಂದ ಆಯಿತೆಂಬುದನ್ನು ಮೊದಲು ತಿಳಿಯಬೇಕು. ಕೈಯಲ್ಲಿರುವ ಪ್ರತಿಯು ಶ್ರುತಿ ವೇಗಗಳಲ್ಲಿ ಶುದ್ಧವೋ, ಅತಿಶೋಧಿತವೋ ಎಂದು ನೋಡಬೇಕು. ಜೋಡಣೆ ಪ್ರಕ್ಷೇಪಗಳು ಗೊತ್ತಿದ್ದರೆ ತೆರೆದು ಹೇಳಬೇಕು. ಆಮೇಲೆ ಸ್ವರಲಿಪಿಯನ್ನು ಮುಂದಿಟ್ಟುಕೊಂಡು ಪ್ರಯೋಗವನ್ನು ಕೃತಿಯೊಡನೆ ಹೋಲಿಸಬೇಕು. ಕಡೆಯಲ್ಲಿ ಲಿಪಿಯನ್ನು ಮುಚ್ಚಿಟ್ಟು, ಹೆಸರನ್ನೂ ಮರೆತು, ಸಹೃದಯನಾಗಿ ಕೇಳಬೇಕು. ಮೊದಲಿನ ನಾಲ್ಕು ಹಂತಗಳಿಲ್ಲದೆ ಕಡೆಯ ಹಂತವು ಬರಿಯ ರುಚಿಯಾಗುವುದು; ಕಡೆಯ ಹಂತವಿಲ್ಲದೆ ಮೊದಲಿನ ನಾಲ್ಕು ಬರಿಯ ದಫ್ತರವಾಗುವುವು.

'ಎಲ್ಲಕ್ಕಿಂತ ಶ್ರೇಷ್ಠವಾದ ಮುದ್ರಿಕೆ ಯಾವುದು?' ಎಂದು ಕೇಳುವವರಿಗೆ ಈ ಕ್ರಮವು ತೃಪ್ತಿಯನ್ನು ಕೊಡದೆ ಇರಬಹುದು. ಆದರೆ ಯಾವ ವಿಷಯದಲ್ಲಿ ಶ್ರೇಷ್ಠ, ಯಾರ ಪ್ರಯೋಜನಕ್ಕೆ ಶ್ರೇಷ್ಠ ಎಂಬ ಮರುಪ್ರಶ್ನೆಯನ್ನು ಅವರ ಬಾಯಿಂದ ಹೊರಡಿಸಿದರೆ ವಿಮರ್ಶೆಯು ತನ್ನ ಕೆಲಸವನ್ನು ಮಾಡಿದಂತಾಯಿತು. ಗ್ರಂಥಭಂಡಾರಗಳಿಗೆ ಮುದ್ರಿಕೆಗಳನ್ನು ಆರಿಸತಕ್ಕವರೂ ತರಗತಿಗಳಲ್ಲಿ ಅವನ್ನು ಕೇಳಿಸತಕ್ಕವರೂ ಇಷ್ಟನ್ನು ಗಮನಕ್ಕೆ ತಂದುಕೊಂಡರೆ, ಗೀರುಬಿದ್ದ ತಟ್ಟೆಯೆಂದು ಕಸಕ್ಕೆ ಹೋಗುವ ಎಷ್ಟೋ ನಿಧಿಗಳು ಉಳಿದುಕೊಳ್ಳುವುವು. ಹೊಳಪುಳ್ಳ ತಟ್ಟೆಯೆಂದು ಕಪಾಟಿಗೇರುವ ಎಷ್ಟೋ ಟೊಳ್ಳುಗಳು ಹೊರಗೆ ನಿಲ್ಲುವುವು.